ಜಾಗ ಇಲ್ಲದ ಊತ

ಕಾಲು ಉಳುಕಿದ್ರೆ ಊದುತ್ತೆ, ಚಪ್ಪಲಿ ಬಿಗಿಯಾಗುತ್ತೆ, ಅಷ್ಟೇ. ಪೆಟ್ಟು ತಿಂದ ಮೆದುಳೂ ಊದುತ್ತೆ, ಆದರೆ ಅದಕ್ಕೆ ಹೊರಗೆ ಜಾಗ ಇಲ್ಲ. ಹೋದ ವರ್ಷ ದೊಡ್ಡಪ್ಪನ ಮಗ ಬೈಕಿಂದ ಬಿದ್ದ. ಐಸಿಯು ಹೊರಗಿನ ಬೆಂಚಲ್ಲಿ ಕೂತು ನಾನಿದನ್ನ ಕಲಿತೆ.

ತಲೆಬುರುಡೆ ಒಂದು ಗಟ್ಟಿ ಡಬ್ಬ. ಒಳಗಿರೋದು ಮೆದುಳು, ರಕ್ತ, ಮೆದುಳಿನ ಸುತ್ತಲಿನ ದ್ರವ. ಒಂದು ಹೆಚ್ಚಾದ್ರೆ ಇನ್ನೊಂದು ಕಡಿಮೆ ಆಗಲೇಬೇಕು. ಮನ್ರೋ, ಕೆಲಿ ಅನ್ನೋ ಸ್ಕಾಟ್ಲೆಂಡಿನ ವೈದ್ಯರು ಹೇಳಿಹೋದ ಮಾತಿದು. ಆ ಹೊಂದಾಣಿಕೆ ಮುಗಿದ ಮೇಲೆ ಒತ್ತಡ ಸರ್ರನೆ ಏರುತ್ತೆ.

ಲೆಕ್ಕ ನಮ್ಮಂಥವರಿಗೆ ಸಲೀಸು. ಸರಾಸರಿ ರಕ್ತದೊತ್ತಡದಲ್ಲಿ ತಲೆಯೊಳಗಿನ ಒತ್ತಡ ಕಳೆದ್ರೆ, ಮೆದುಳಿಗೆ ರಕ್ತ ತಳ್ಳೋಕೆ ಉಳಿಯೋ ಒತ್ತಡ ಸಿಗುತ್ತೆ. 90ರಲ್ಲಿ 10 ಹೋದ್ರೆ 80. ಒಳಗೆ 45 ಆದ್ರೆ ಉಳಿಯೋದೂ 45. (ಎಲ್ಲ ಮಿಲಿಮೀಟರ್ ಪಾದರಸದಲ್ಲಿ. ಯೂನಿಟ್ ಬರೀದೆ ಮಾರ್ಕ್ಸ್ ಕಳ್ಕೊಂಡವರು ಗಮನಿಸಿ!) 22 ದಾಟಿದ್ರೆ ಚಿಕಿತ್ಸೆ ಬೇಕು: ತಲೆ ಎತ್ತರಿಸಿ ಮಲಗಿಸೋದು, ನಿದ್ದೆ ಬರಿಸೋ ಔಷಧ, ಮ್ಯಾನಿಟಾಲ್. ಯಾವುದೂ ನಡೀದಿದ್ರೆ ಡಬ್ಬದ ಗೋಡೆಯನ್ನೇ ತೆಗೆಯೋದು. ಅಂಗೈಯಗಲದ ಮೂಳೆ ತೆಗೆದು, ಕೆಳಗಿನ ಗಟ್ಟಿ ಪೊರೆ ಬಿಡಿಸಿ, ಊದೋಕೆ ಜಾಗ ಕೊಟ್ಟು ಚರ್ಮ ಹೊಲೀತಾರೆ. ತೆಗೆದ ಮೂಳೆಯನ್ನ ಫ್ರೀಜರಲ್ಲಿ ಇಡಬಹುದು. ಅಣ್ಣನದ್ದನ್ನ ಅವನ ಹೊಟ್ಟೆಯ ಚರ್ಮದ ಕೆಳಗೇ ಇಟ್ಟರು. ತಮಾಷೆ ಅಲ್ಲ, ನಮ್ಮಲ್ಲಿ ಇದು ಮಾಮೂಲಿ ಪದ್ಧತಿ.

ದೊಡ್ಡಪ್ಪ ಕೇಳಿದ್ದು ಒಂದೇ. "ಸಾರ್, ಆಪರೇಷನ್ ಆದ್ರೆ ಮಗ ಮೊದಲಿನ ಹಾಗಾಗ್ತಾನಾ?"

"ಜೀವ ಉಳಿಯೋ ಸಾಧ್ಯತೆ ಹೆಚ್ಚುತ್ತೆ. ಹೇಗೆ ಉಳೀತಾರೆ ಅಂತ ಈಗ ಹೇಳಕ್ಕಾಗಲ್ಲ" ಅಂದ್ರು ಡಾಕ್ಟ್ರು.

ಚಿಕ್ಕಪ್ಪನಿಗೆ ಸಿಟ್ಟು ಬಂತು, ಜಾರಿಕೊಳ್ಳೋ ಮಾತು ಅಂತ. ನನ್ನ ಪ್ರಕಾರ ಆ ದಿನ ನಮಗೆ ಸಿಕ್ಕ ಅತಿ ಪ್ರಾಮಾಣಿಕ ಮಾತು ಅದೇ. ಬೇರೆ ಚಿಕಿತ್ಸೆಗೆ ಒತ್ತಡ ಬಗ್ಗದವರ ಮೇಲೆ ನಡೆದ 'ರೆಸ್ಕ್ಯೂ ಐಸಿಪಿ' ಅಧ್ಯಯನ 2016ರಲ್ಲಿ ಪ್ರಕಟವಾಯ್ತು. ಆರು ತಿಂಗಳಲ್ಲಿ, ಔಷಧಿಯಲ್ಲೇ ಮುಂದುವರಿದವರಲ್ಲಿ ನೂರಕ್ಕೆ ಸುಮಾರು 49 ಜನ ತೀರಿಕೊಂಡಿದ್ರು, ಶಸ್ತ್ರಚಿಕಿತ್ಸೆ ಆದವರಲ್ಲಿ 27. ಆದ್ರೆ ಕಣ್ಣು ಬಿಟ್ಟರೂ ಪ್ರಜ್ಞೆ ಮರಳದವರು ಔಷಧಿ ಗುಂಪಲ್ಲಿ 2.1, ಶಸ್ತ್ರಚಿಕಿತ್ಸೆ ಗುಂಪಲ್ಲಿ 8.5. ಗೋಡೆ ತೆಗೆದ್ರೆ ಒತ್ತಡ ಇಳಿಯುತ್ತೆ, ಆಗಲೇ ಸತ್ತ ನರಕೋಶ ಎದ್ದು ಬರಲ್ಲ. ಇಷ್ಟನ್ನ ರಾತ್ರಿ ಎರಡು ಗಂಟೆಗೆ ಒಬ್ಬ ಅಪ್ಪನಿಗೆ ಹೇಗೆ ಹೇಳೋದು?

ದೊಡ್ಡಪ್ಪ ಫಾರ್ಮ್ ಓದದೆ ಸಹಿ ಹಾಕಿದ್ರು.

ಮೂರು ತಿಂಗಳಾದ ಮೇಲೆ ಮೂಳೆ ವಾಪಸ್ ಕೂರಿಸಿದ್ರು. ಅಲ್ಲೀವರೆಗೂ ದೊಡ್ಡಮ್ಮ ಹೆಲ್ಮೆಟ್ ಹಾಕಿಸದೆ ಅವನನ್ನ ಬಚ್ಚಲಿಗೂ ಬಿಡ್ತಿರಲಿಲ್ಲ. ಈಗ ನಡೀತಾನೆ. ಬಲಗೈ ನಿಧಾನ, ಹೆಸರುಗಳು ಬಾಯಿಗೆ ಬರಲ್ಲ. ನನ್ನನ್ನ 'ಏ ಇವ್ನೇ' ಅಂತ ಕರೀತಾನೆ, ನಾನು ಓ ಅಂತೀನಿ.