ಗಾಲಿಗೆ ಅಂಟಿ ಬಂದ ಹೊಲ

ಲಾರಿಯ ಕೆಸರು ತೊಳೆಯುವುದೂ ಒಂದು ಬರೆಯುವ ವಿಷಯವೇ ಎಂದು ಓದುಗ ಬಂಧುಗಳು ನಗಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ನಕ್ಕವನು.

ನಮ್ಮ ತಂದೆಯವರಿಗೆ ಒಂದು ಹಳೆಯ ಲಾರಿಯಿತ್ತು. ಹೊಲಗಳಿಗೆ ಕೆರೆಗೋಡು ಹೊಡೆದು, ಸಂಜೆ ಅದನ್ನು ಕೆರೆಯ ಅಂಚಿಗೆ ಇಳಿಸಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದಲ್ಲದೆ ಅವರು ಊಟಕ್ಕೆ ಕೂರುತ್ತಿರಲಿಲ್ಲ. ಮುಂಭಾಗ ಒಣಗಿದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುವರು. ದುಡಿದ ಎತ್ತಿನ ಮೈ ತೊಳೆಯದೆ ಕೊಟ್ಟಿಗೆಗೆ ಕಟ್ಟುತ್ತೇವೆಯೇ ಎಂಬುದು ಅವರ ವಾದ. ಕಬ್ಬಿಣಕ್ಕೆ ಎತ್ತಿನ ಉಪಚಾರವೇಕೆ ಎಂದು ನನಗೆ ಅನಿಸುತ್ತಿತ್ತು. ಎದುರಾಡುವ ಧೈರ್ಯವಿರಲಿಲ್ಲ, ಅಷ್ಟೆ.

ಮುಂದೆ ಕೆರೆಗಳು ಬತ್ತಿದವು. ನಮ್ಮ ಕೋಲಾರ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲ. ಕೆರೆ ಹೋದ ಮೇಲೆ ಉಳಿದದ್ದು ಕೊಳವೆಬಾವಿ. ಸಾವಿರ ಅಡಿ ದಾಟಿ ಕೊರೆಸಿದರೂ ಹಲವರಿಗೆ ಧೂಳೇ ಬಂದಿತು. ನಮಗೆ ಒಂದಿಷ್ಟು ನೀರು ದೊರೆಯಿತಾದರೂ, ಅದರಲ್ಲಿ ಲಾರಿ ತೊಳೆಯಲು ಹೊರಟರೆ ತಾಯಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ನೋಟವೇ ಸಾಕಾಗಿತ್ತು. ತಂದೆಯವರು ತೀರಿಕೊಂಡ ಮೇಲೆ ಹೊಸ ಲಾರಿ ನನ್ನ ಕೈಗೆ ಬಂದಾಗ, ನೀರಿಲ್ಲವೆಂಬುದು ನನ್ನ ಸೋಮಾರಿತನಕ್ಕೆ ಒಳ್ಳೆಯ ನೆಪವಾಯಿತು.

2021ರ ನವೆಂಬರ್ ತಿಂಗಳ ಮಳೆಯನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಟೊಮೆಟೊ ತೋಟಗಳು ನಿಂತಲ್ಲೇ ಕೊಳೆತವು. ಮುಳಬಾಗಿಲು ಕಡೆಯ ನಮ್ಮ ಹೊಲದಲ್ಲಿ ಕೊಂಚ ಎತ್ತರದ ಜಾಗದ ಬೆಳೆ ಮಾತ್ರ ಉಳಿದಿತ್ತು. ದರ ಏರಿತ್ತು. ಹದಿನೈದು ಕಿಲೋ ತುಂಬುವ ಪೆಟ್ಟಿಗೆಗಳನ್ನು ರಾತ್ರಿಯೆಲ್ಲ ಲಾರಿಗೆ ಏರಿಸಿ, ಗಾಲಿ ಹೂತಾಗ ಟ್ರ್ಯಾಕ್ಟರ್ ಕಟ್ಟಿ ಎಳೆಸಿ, ಬೆಳಗಿನ ಜಾವ ಹೆದ್ದಾರಿ ಸೇರಿದೆವು. ಕೋಲಾರದ ಮಂಡಿಯ ಹರಾಜು ತಪ್ಪಬಾರದೆಂಬ ಆತುರ. ಹಿಂದಿನ ಜೋಡಿ ಟೈರುಗಳ ನಡುವೆ ಮಣ್ಣು ಗೋಡೆಯಂತೆ ಕಚ್ಚಿಕೊಂಡಿದ್ದುದನ್ನು ಕಂಡೆ. ಮಂಡಿಯಿಂದ ಬಂದ ಮೇಲೆ ನೋಡೋಣವೆಂದು ಹತ್ತಿ ಕುಳಿತೆ.

ಮಧ್ಯಾಹ್ನ ಹಿಂದಿರುಗುವಾಗ ನಮ್ಮ ಊರಿನ ತಿರುವಿನಲ್ಲಿ ಜನ ನಿಂತಿದ್ದರು. ಶಾಲೆಗೆ ಹೊರಟಿದ್ದ ಒಬ್ಬ ಉಪಾಧ್ಯಾಯಿನಿಯ ಸ್ಕೂಟರು ಜಾರಿ, ಮುಂಗೈ ಮೂಳೆ ಮುರಿದು, ಆಸ್ಪತ್ರೆಗೆ ಸಾಗಿಸಿದ್ದಾರೆಂದು ತಿಳಿಯಿತು. ರಸ್ತೆಯ ಮೇಲೆ ಟೈರಿನ ಹಲ್ಲಿನ ಅಚ್ಚು ಬಿದ್ದ ಕೆಂಪು ಹೆಂಟೆಗಳು ಸೋನೆ ಮಳೆಯಲ್ಲಿ ಕರಗಿ ಬೆಣ್ಣೆಯಂತೆ ಹರಡಿದ್ದವು. ಮಣ್ಣು ಯಾರದೆಂದು ಯಾರೂ ಕೇಳಲಿಲ್ಲ. ಅಂದು ಹೊಲದಿಂದ ಆ ತಿರುವಿಗೆ ಏರಿದ ಲಾರಿ ನಮ್ಮದೊಂದೇ.

ಮೊದಲು ಸನಿಕೆಯಿಂದ ರಸ್ತೆ ಕೆರೆದು ತೊಳೆದೆ. ಆಸ್ಪತ್ರೆಗೆ ಹೋಗಲು ಮಾತ್ರ ಎರಡು ದಿನ ಬೇಕಾಯಿತು, ಇದನ್ನು ಮುಚ್ಚಿಡಲಾರೆ. ವಿಷಯ ಹೇಳಿದಾಗ ಆಕೆಯ ಯಜಮಾನರು ಮುಖ ತಿರುಗಿಸಿಕೊಂಡರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಡಿ ಕಲಿತು ಒಂದು ತಿಂಗಳಾಗಿತ್ತು ಅಣ್ಣ. ನನಗೇ ಓಡಿಸಲು ಬರುವುದಿಲ್ಲವೆಂದುಕೊಂಡು, ಮಾರಿಬಿಡಿ ಎಂದು ಇವರಿಗೆ ಹೇಳಿಬಿಟ್ಟಿದ್ದೆ" ಎಂದರು. ಬೈದಿದ್ದರೆ ಸಹಿಸಬಹುದಿತ್ತು.

ಆನಂತರ ಒಂದು ಕ್ರಮ ಮಾಡಿಕೊಂಡೆ. ಲಾರಿ ಹೊಲದ ಬದು ದಾಟುವ ಮೊದಲೇ ನಿಲ್ಲಬೇಕು. ಗಾಲಿಯ ಸಂದಿನ ಮಣ್ಣನ್ನು ಹಸಿಯಾಗಿರುವಾಗಲೇ ಮರದ ಚಕ್ಕೆಯಿಂದ ಕೆರೆದು ಹೊಲಕ್ಕೇ ಚೆಲ್ಲುತ್ತೇವೆ. ಒಣಗಿದರೆ ಅದು ಇಟ್ಟಿಗೆಯೇ ಸರಿ. ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ಅದನ್ನೂ ತೆಗೆಯಲೇಬೇಕು. ವೇಗದಲ್ಲಿ ಹಾರಿದ ಕಲ್ಲು ಹಿಂದೆ ಬರುವವರ ಪ್ರಾಣಕ್ಕೇ ಕುತ್ತು. ಗಾಜು, ಹಿಂದಿನ ದೀಪ, ನಂಬರು ಫಲಕ ಒರೆಸಿದ ಮೇಲಷ್ಟೆ ಹೆದ್ದಾರಿ. ಉಳಿದದ್ದು ಮನೆಗೆ ಬಂದ ಮೇಲೆ, ಎಂಜಿನ್ ಆರಿದ ನಂತರ. ಗಾಲಿಯ ಒಳಮೈಯಲ್ಲಿ ಒಂದೇ ಕಡೆ ಮಣ್ಣು ಕೂತರೆ ತೂಕ ತಪ್ಪಿ ಸ್ಟೇರಿಂಗು ನಡುಗುತ್ತದೆ. ರೇಡಿಯೇಟರಿನ ಸಂದುಗಳು ಮುಚ್ಚಿದರೆ ಎಂಜಿನ್ ಕಾಯುತ್ತದೆ. ಕಮಾನು ಪಟ್ಟಿಗಳ ನಡುವೆ ನಿಂತ ಕೆಸರು ತೇವ ಹಿಡಿದು ತುಕ್ಕು ತರುತ್ತದೆ. ಮೋಟಾರಿನಿಂದ ನೀರನ್ನು ರಭಸವಾಗಿ ಬಿಟ್ಟರೆ ಬೇರಿಂಗಿನೊಳಗೆ ನೀರು ನುಗ್ಗೀತು. ತೊಳೆದಾದ ಮೇಲೆ ಗ್ರೀಸು ತುಂಬಿ, ನಿಧಾನವಾಗಿ ನಾಲ್ಕು ಮಾರು ಓಡಿಸಿ ಬ್ರೇಕು ಒತ್ತಿ ನೋಡಬೇಕು. ಒದ್ದೆಯಾದ ಬ್ರೇಕು ಮೊದಲ ಒತ್ತಿಗೆ ಹಿಡಿಯುವುದಿಲ್ಲ. ಇವೆಲ್ಲ ತಂದೆಯವರು ಮಾಡುತ್ತಿದ್ದುದೇ. ನಾನು ನೋಡಿದ್ದೆ, ಕಲಿತಿರಲಿಲ್ಲ.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಿತು. ಅಂತರ್ಜಲ ಹೆಚ್ಚಿಸಲೆಂದು ತಂದ ಆ ನೀರಿನ ಗುಣದ ಬಗ್ಗೆ ನ್ಯಾಯಾಲಯದವರೆಗೂ ಚರ್ಚೆ ನಡೆಯಿತು. ಕೆರೆ ತುಂಬಿರುವ ಊರುಗಳಲ್ಲಿ ಲಾರಿಗಳು ಮತ್ತೆ ಅಂಚಿಗೆ ಇಳಿಯುವುದನ್ನು ಕಂಡಿದ್ದೇನೆ. ಈ ಒಂದು ವಿಷಯದಲ್ಲಿ ತಂದೆಯವರನ್ನು ಅನುಸರಿಸಲಾರೆ. ಲಾರಿಯ ಎಣ್ಣೆ, ಗ್ರೀಸು ದನ ಕುಡಿಯುವ ನೀರಿಗೆ ಸೇರುವುದು ಬೇಡ. ನಾವು ಹಿತ್ತಲಲ್ಲಿ ಒಂದು ಗುಂಡಿ ತೋಡಿ, ತೊಳೆದ ನೀರು ಅಲ್ಲಿಯೇ ಇಂಗುವಂತೆ, ಕೊಳವೆಬಾವಿಯಿಂದ ದೂರವಾಗಿ ಮಾಡಿಕೊಂಡಿದ್ದೇವೆ.

ಈಗ ಮಗ ತೊಳೆಯುತ್ತಾನೆ. ಮೊದಲು ಕೆರೆಯುವುದರಿಂದ ನೀರು ಅರ್ಧಕ್ಕರ್ಧ ಉಳಿಯುತ್ತದೆ. ತಾಯಿಯವರು ಜಗುಲಿಯಲ್ಲಿ ಕುಳಿತು ಎಣಿಸುತ್ತಿರುತ್ತಾರೆ.

"ಎಷ್ಟು ಕೊಡ ಆಯ್ತಪ್ಪ?"

"ಹನ್ನೆರಡು, ಅಜ್ಜಿ."

"ಹೋದ ಸಲ ಹನ್ನೊಂದಕ್ಕೇ ಮುಗಿದಿತ್ತಲ್ಲ?"

ಅವನು ಖಾಲಿ ಕೊಡವನ್ನು ಬೋರಲು ಹಾಕಿ, ಮಿಕ್ಕ ಮಣ್ಣನ್ನು ಕೆರೆಯಲು ಚಕ್ಕೆ ಹಿಡಿದು ಲಾರಿಯ ಕೆಳಗೆ ನುಸುಳುತ್ತಾನೆ.