ಹಳೇ ಪಿಕಪ್ ಸ್ಟಾರ್ಟ್ ಆಗದಿದ್ರೆ ಮೊದ್ಲು ಅರ್ಥ್ ನೋಡಿ, ಆಮೇಲೆ ಗಾಳಿ ನೋಡಿ

ಹರಾಜು ಶುರುವಾಗೋ ಹೊತ್ತಿಗೆ ನಮ್ಮ ಕಡೆ ಹಳೇ ಗಾಡಿಗಳ ಕಾಯಿಲೆ ಎಲ್ಲಾ ಒಟ್ಟಿಗೇ ಹೊರಗೆ ಬರ್ತವೆ. ಮಳೆಗಾಲ ಪೂರ್ತಿ ಬ್ಯಾರನ್ ಪಕ್ಕ ನೆನೆದ ಪಿಕಪ್, ಬೇಲು ಹೇರೋ ದಿನ ಕೀ ತಿರುಗಿಸಿದ್ರೆ ಬರೀ ಟಕ್ ಅಂತದೆ. ಈ ಸಲ ನಮ್ಮ ಗಾಡಿಗೂ ಅದೇ ಆಯ್ತು. ಏನೇನು ನೋಡಿದೆ, ಎಷ್ಟು ಖರ್ಚಾಯ್ತು ಅಂತ ಬರೀತೀನಿ, ಇಂಥದೇ ಗಾಡಿ ಇರೋರಿಗೆ ಉಪಯೋಗ ಆಗಲಿ.

ಗಾಡಿಗೆ ಇಪ್ಪತ್ತು ವರ್ಷ ದಾಟಿದೆ. ಡೀಸೆಲ್ ಎಂಜಿನ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಕಾಯಿಲೆ ಎರಡು. ಬೆಳಿಗ್ಗೆ ಸೆಲ್ಫ್ ಎಳೀತಿರಲಿಲ್ಲ. ನೂಕಿ ಸ್ಟಾರ್ಟ್ ಮಾಡಿದ್ರೆ ಎರಡು ಕಿಲೋಮೀಟರ್ ಹೋಗಿ, ಡೀಸೆಲ್ ಖಾಲಿ ಆದಂಗೆ ಉಸಿರು ಕಟ್ಟಿ ನಿಂತುಬಿಡೋದು.

ಒಂದು ವರ್ಕ್‌ಶಾಪಲ್ಲಿ ತೋರಿಸಿದೆ. ಬ್ಯಾಟರಿ, ಸೆಲ್ಫ್ ಮೋಟಾರು, ಡೀಸೆಲ್ ಪಂಪು ಮೂರಕ್ಕೂ ಸೇರಿ 38,000 ಅಂದ್ರು. ಕಟ್ಟೆಮಳಲವಾಡಿ ಹರಾಜು ಕಟ್ಟೆಗೆ ಬೇಲು ತಗೊಂಡು ಹೋಗೋಕೆ ಐದೇ ದಿನ ಇತ್ತು. ನಂದಲ್ದೆ ನನ್ನ ತಮ್ಮನ ಬೇಲೂ ಇದೇ ಗಾಡೀಲಿ ಹೋಗಬೇಕು. ಹೊಗೆಸೊಪ್ಪು ಮಾರಿದ್ರೆ ಕೈಗೆ ದುಡ್ಡು, ಮಾರೋಕೆ ಗಾಡಿ ಬೇಕು, ಗಾಡಿಗೆ ದುಡ್ಡು ಬೇಕು. ಮಗ "ಮಾರ್ಬಿಡು ಅಪ್ಪ, ಬಾಡಿಗೆ ಗಾಡಿ ಮಾಡ್ಕೊಳ್ಳೋಣ" ಅಂದ. ಅವನು ಹೇಳಿದ್ರಲ್ಲೂ ನ್ಯಾಯ ಇದೆ. ಕಾಡಂಚಿನ ದಾರೀಲಿ ಸಂಜೆ ಮೇಲೆ ಗಾಡಿ ನಿಂತ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆನೆಗೆ ನಮ್ಮ ಬೇಲೂ ಒಂದೇ, ನಾವೂ ಒಂದೇ.

ಸಾಮಾನು ಬದಲಾಯಿಸೋ ಮುಂಚೆ ಕಾಯಿಲೆ ಎಲ್ಲಿದೆ ಅಂತ ಬೇರೆ ಬೇರೆ ಮಾಡಬೇಕು. ಎಂಜಿನ್ ತಿರುಗ್ತಾನೇ ಇಲ್ಲ ಅಂದ್ರೆ ಕರೆಂಟಿನ ಕಡೆ ನೋಡಿ. ಚೆನ್ನಾಗಿ ತಿರುಗಿಯೂ ಹತ್ತಿಕೊಳ್ತಿಲ್ಲ ಅಂದ್ರೆ ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದ್ರೆ ಡೀಸೆಲ್ ಎಂಜಿನ್ನಿಗೆ ಹೋಗ್ತಿದೆ. ಹೊಗೆಯೇ ಇಲ್ಲ ಅಂದ್ರೆ ಡೀಸೆಲ್ ಬರ್ತಿಲ್ಲ.

ಕರೆಂಟು

300 ರೂಪಾಯಿ ಮಲ್ಟಿಮೀಟರ್ ಒಂದು ಮನೇಲಿರಲಿ. ಗಾಡಿ ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದ್ರೆ ಚಾರ್ಜ್ ಪೂರ್ತಿ ಇದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮೇಲೆ ಅನುಮಾನ. ನಂದು 11.5ರಲ್ಲೇ ನಿಂತಿತ್ತು. ಅಂದ್ರೆ ಬ್ಯಾಟರೀಲಿ ಕರೆಂಟ್ ಇದೆ, ಮೋಟಾರಿಗೆ ತಲುಪ್ತಿಲ್ಲ.

ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಮೈಮೇಲೆ ಇಟ್ಟು ತಮ್ಮನಿಗೆ ಸೆಲ್ಫ್ ಹೊಡಿ ಅಂದೆ. ಅರ್ಧ ವೋಲ್ಟಿಗಿಂತ ಕಮ್ಮಿ ಇರಬೇಕಾದ್ದು ಎರಡು ವೋಲ್ಟ್ ತೋರಿಸ್ತು. ಎಕ್ಸಲೇಟರ್ ಕೇಬಲ್ ಮುಟ್ಟಿ ನೋಡಿದೆ, ಬಿಸಿ! ಎಂಜಿನ್ನಿಂದ ಚಾಸಿಗೆ ಹೋಗೋ ಅರ್ಥ್ ಪಟ್ಟಿ ತುಕ್ಕು ಹಿಡಿದಿತ್ತು. ಕರೆಂಟ್ ವಾಪಸ್ ಹೋಗೋಕೆ ದಾರಿ ಸಿಗದೆ ಆ ಸಣ್ಣ ಕೇಬಲ್ ಹಿಡ್ಕೊಂಡಿತ್ತು. ಕೇಬಲ್ ಬಿಸಿ ಆದ್ರೆ ಅರ್ಥ್ ಹೋಗಿದೆ ಅಂತ ತಿಳ್ಕೊಳ್ಳಿ.

ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರೋ ಜಾಗ ಎಮೆರಿ ಪೇಪರಲ್ಲಿ ಹೊಳೆಯೋ ತನಕ ಉಜ್ಜಿದೆ. ಟರ್ಮಿನಲ್ ಮೇಲಿನ ಬಿಳಿ ಬೂಷ್ಟಿಗೆ ಬಿಸಿನೀರು, ಅಡುಗೆ ಸೋಡಾ ಸಾಕು, ಒಣಗಿದ ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ಬಂದ್ರೆ ಡೈನಮೊ ಸರಿ ಇದೆ. ಫ್ಯೂಸ್ ಹೋದ್ರೆ ಅದೇ ಆಂಪಿನ ಫ್ಯೂಸೇ ಹಾಕಿ. ತಂತಿ ಸುತ್ತಿದ್ರೆ ಗಾಡಿ ಜೊತೆಗೆ ಸೊಪ್ಪೂ ಸುಟ್ಟು ಹೋಗ್ತದೆ.

ಡೀಸೆಲ್

ವಯಸ್ಸಾದೋರು ಈ ಪಂಪಿಗೆ ಇನ್ನೂ ಮೈಕೋ ಪಂಪು ಅಂತಲೇ ಅಂತಾರೆ. ಬೆಂಗಳೂರಲ್ಲಿ 1951ರಲ್ಲಿ ಶುರುವಾದ ಮೈಕೋ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿತು. ಪಂಪು ಬಿಚ್ಚಿದ್ರೆ ದೊಡ್ಡ ಖರ್ಚು, ಅದಕ್ಕೇ ಅದು ಕೊನೆಗೆ.

ಮೊದಲು ಫಿಲ್ಟರ್ ಅಡಿ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿದೆ. ತಳದಲ್ಲಿ ಎರಡು ಬೆರಳು ನೀರು. ಕ್ಯಾನಲ್ಲಿ ಇಟ್ಟ ಡೀಸೆಲ್ಲು, ಮಳೆಗಾಲದಲ್ಲಿ ಅರ್ಧ ಖಾಲಿ ಇರೋ ಟ್ಯಾಂಕು, ಎರಡರಲ್ಲೂ ನೀರು ಸೇರ್ತದೆ. ಫಿಲ್ಟರ್ ಬದಲಾಯಿಸಿದೆ. ಆದ್ರೂ ಗಾಡಿ ನಿಲ್ಲೋದು ನಿಲ್ಲಲಿಲ್ಲ.

ಆಮೇಲೆ ಐದು ಲೀಟರ್ ಕ್ಯಾನಲ್ಲಿ ಶುದ್ಧ ಡೀಸೆಲ್ ಇಟ್ಟು, ಫಿಲ್ಟರಿಗೆ ಬರೋ ಪೈಪನ್ನೂ ರಿಟರ್ನ್ ಪೈಪನ್ನೂ ಅದಕ್ಕೇ ಬಿಟ್ಟೆ. ಅರ್ಧ ಗಂಟೆ ಎಂಜಿನ್ ಕೆಮ್ಮಲಿಲ್ಲ. ಪಂಪು ಗಟ್ಟಿ ಇದೆ, ಕಾಯಿಲೆ ಟ್ಯಾಂಕಿಗೂ ಫಿಲ್ಟರಿಗೂ ನಡುವೆ ಅಂತ ಖಾತ್ರಿ ಆಯ್ತು. ಟ್ಯಾಂಕಿನ ಹತ್ರ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗೆ ಬಿರುಕು ಬಿಟ್ಟಿತ್ತು. ಒಂದು ತೊಟ್ಟೂ ಸೋರಿರಲಿಲ್ಲ. ಆ ಪೈಪಲ್ಲಿ ಪಂಪು ಡೀಸೆಲ್ ಎಳ್ಕೊಳ್ತದೆ, ತಳ್ಳೋದಿಲ್ಲ. ಹಂಗಾಗಿ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗ್ತದೆ. ಸೋರಿಲ್ಲ ಅಂತ ಪೈಪು ಸರಿ ಇದೆ ಅನ್ಕೋಬೇಡಿ.

ಪೈಪು ಬದಲಾಯಿಸಿದ ಮೇಲೆ ಗಾಳಿ ತೆಗೀಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಲ್ಲೋ ತನಕ ಕೈಪಂಪು ಒತ್ತಿ, ಡೀಸೆಲ್ ಬರ್ತಿರುವಾಗಲೇ ಬಿಗಿ ಮಾಡಿ. ಬೀಡಿ ದೂರ ಇರಲಿ. ಇಂಜೆಕ್ಟರಿಂದ ಚಿಮ್ಮೋ ಡೀಸೆಲ್ಲಿಗೆ ಕೈ ಅಡ್ಡ ಹಿಡೀಬೇಡಿ, ಚರ್ಮ ತೂರಿ ಒಳಗೆ ಹೋಗ್ತದೆ. ಹಂಗೇನಾದ್ರೂ ಆದ್ರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಹೊಸಾ ಕಾಮನ್ ರೈಲ್ ಗಾಡೀಲಿ 1,000 ಬಾರ್‌ಗಿಂತ ಜಾಸ್ತಿ ಒತ್ತಡ ಇರ್ತದೆ, ಅದರ ಪೈಪು ಸಡಿಲ ಮಾಡಲೇಬೇಡಿ.

ಕರೆಂಟಿಗೂ ಡೀಸೆಲ್ಲಿಗೂ ಸಂಬಂಧ ಇರೋ ಜಾಗ ಒಂದಿದೆ, ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್. ಕೀ ಆನ್ ಮಾಡಿದ್ರೆ ಅಲ್ಲಿ ಟಿಕ್ ಅನ್ನಬೇಕು. ಆ ಒಂದು ವೈರು ಇಲಿ ಕಡಿದ್ರೂ ಡೀಸೆಲ್ ನಿಲ್ತದೆ, ಪಂಪು ಹೋಯ್ತು ಅನ್ನಿಸ್ತದೆ.

ಖರ್ಚು: ಅರ್ಥ್ ಪಟ್ಟಿ 250, ಫಿಲ್ಟರ್ 420, ಪೈಪು ಕ್ಲಿಪ್ಪು 180. ಒಟ್ಟು 850. ಬೇಲು ಹೇಳಿದ ದಿನವೇ ಕಟ್ಟೆ ತಲುಪಿದ್ವು, ತಮ್ಮಂದೂ ಸೇರಿ.

ಎಲ್ಲರ ಗಾಡೀಗೂ 850ಕ್ಕೇ ಮುಗೀತದೆ ಅಂತಲ್ಲ. ಪಂಪೇ ಹೋಗಿದ್ರೆ ಪಂಪೇ ಹಾಕಿಸಬೇಕು, ಅದು ಮೆಕ್ಯಾನಿಕ್ ಕೆಲಸ. ಆದ್ರೆ ಮೀಟರು ಹಿಡಿದು ನೋಡಿ, ಕ್ಯಾನಿಂದ ಓಡಿಸಿ ನೋಡಿ, ಆಮೇಲೆ ಸಾಮಾನಿಗೆ ದುಡ್ಡು ಕೊಡಿ. ಗಾಡೀಲಿ ಒಂದು ಮೀಟರ್ ರಬ್ಬರ್ ಪೈಪು, ನಾಲ್ಕು ಕ್ಲಿಪ್ಪು, ಫ್ಯೂಸು, 10–12ರ ಸ್ಪ್ಯಾನರು, ಒಂದು ಟಾರ್ಚು ಇಟ್ಕೊಳ್ಳಿ. ಏನೇ ರಿಪೇರಿ ಇದ್ರೂ ಹಗಲು ಹೊತ್ತಲ್ಲೇ ಮುಗಿಸಿ, ಕತ್ತಲಾಗೋ ಮುಂಚೆ ಊರು ಸೇರಿ.