ಶತ್ರುವಿನ ಕಣ್ಣಲ್ಲಿ ಕೋಟೆ

ಯಾವ ಕೋಟೆಗೆ ಹೋದರೂ ನಾನು ಮೊದಲು ಹುಡುಕುವುದು ಒಳಗೆ ನುಗ್ಗುವ ದಾರಿಯನ್ನು. ಅರಮನೆ ಎಲ್ಲಿತ್ತು, ರಾಣಿಯ ಕೊಳ ಯಾವುದು ಎಂಬುದೆಲ್ಲ ಆಮೇಲೆ. ನನ್ನ ಬೆನ್ನಿಗೆ ಇನ್ನೂರು ದಂಡಾಳುಗಳು, ಎರಡು ಆನೆ, ಎತ್ತುಗಳು ಎಳೆದು ತಂದ ಒಂದು ತೋಪು ಇದ್ದಿದ್ದರೆ ಎಲ್ಲಿಂದ ಏರುತ್ತಿದ್ದೆ? ಹೊರಗೆ ನಿಂತು ಲೆಕ್ಕ ಹಾಕುತ್ತೇನೆ. ಕೋಟೆ ಕಟ್ಟಿದವನು ಆ ಲೆಕ್ಕವನ್ನು ನನಗಿಂತ ಮುಂಚೆಯೇ ಹಾಕಿ ಮುಗಿಸಿರುತ್ತಾನೆ. ಇಲ್ಲಿ ಕಾಲಿಡೋಣ ಎಂದುಕೊಂಡ ಜಾಗಕ್ಕೆ ಸರಿಯಾಗಿ ಎದುರಲ್ಲೇ ಒಂದು ಬತೇರಿ ಎದ್ದು ನಿಂತಿರುತ್ತದೆ. ಹೆಸರೂ ಗೊತ್ತಿಲ್ಲದ ಆ ಮೇಸ್ತ್ರಿಯ ಜೊತೆ ಚದುರಂಗಕ್ಕೆ ಕೂತ ಹಾಗಿರುತ್ತದೆ ಆಗಿನ ಖುಷಿ. ಬಿಡುವು ಸಿಕ್ಕರೆ ಸಾಕು, ಹಾಳೆ ಪೆನ್ಸಿಲ್ಲು ಹಿಡಿದು ಭದ್ರಾವತಿಯಿಂದ ಹೊರಟುಬಿಡುತ್ತೇನೆ.

ಶಿವಮೊಗ್ಗೆಯಲ್ಲಿ ಕೋಟೆ ಹೆಚ್ಚಾಗಿ ವಿಳಾಸಗಳಲ್ಲಿ ಉಳಿದಿದೆ: ಕೋಟೆ ರಸ್ತೆ, ಕೋಟೆ ಆಂಜನೇಯ. ತುಂಗೆಯ ದಂಡೆಯಲ್ಲಿ ಶಿವಪ್ಪನಾಯಕನ ಅರಮನೆ ಎಂದು ಊರು ಕರೆಯುವ ಕಟ್ಟಡ ಈಗ ವಸ್ತುಸಂಗ್ರಹಾಲಯ. ಅದರ ಅಂಗಳದ ವೀರಗಲ್ಲುಗಳ ಮುಂದೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1791ರ ಡಿಸೆಂಬರ್ ಕೊನೆಯಲ್ಲಿ ಪರಶುರಾಮ ಭಾವೂನ ಮರಾಠಾ ದಂಡೂ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯೂ ಸೇರಿ, ಕೋಟೆಯ ಹೊರಗೆ ಕಾಡಂಚಿನಲ್ಲಿ ಬೀಡುಬಿಟ್ಟಿದ್ದ ಟಿಪ್ಪುವಿನ ಪಡೆಯನ್ನು ಚದುರಿಸಿದವು. ವಾರ ಕಳೆಯುವುದರೊಳಗೆ ಕೋಟೆ ಶರಣಾಯಿತು. ಬಯಲ ಕೋಟೆಯ ಪಾಡೇ ಅಷ್ಟು.

ಮಲೆನಾಡಿನ ಕೋಟೆಯ ಗತ್ತು ಬೇರೆ. ತೀರ್ಥಹಳ್ಳಿ ಸೀಮೆಯ ಕವಲೇದುರ್ಗಕ್ಕೆ ಹೋಗಿ ನೋಡಬೇಕು. ಗದ್ದೆಯ ಅಂಚು ದಾಟಿ ಕಲ್ಲುಹಾಸಿನ ಹಾದಿ ಹಿಡಿದರೆ, ಮೊದಲ ಬಾಗಿಲು ತೀರ ಹತ್ತಿರ ಬರುವ ತನಕ ಕಣ್ಣಿಗೇ ಬೀಳುವುದಿಲ್ಲ. ಗೋಡೆ ಬೆಟ್ಟದ ಮೈಯನ್ನೇ ಹಿಡಿದು ಬಾಗುತ್ತದೆ, ಮರದ ಮರೆಗೆ ಹೋಗಿ ಮತ್ತೆ ಇಣುಕುತ್ತದೆ. ಹೀಗೆ ಮೂರು ಸುತ್ತು. ಒಂದೊಂದು ಸುತ್ತಿಗೂ ಬಾಗಿಲು, ಬಾಗಿಲಿಗೆ ಕಾವಲಿನವರ ಜಾಗ. ಏರಿ ಬರುವವನಿಗೆ ಏದುಸಿರು. ಕಾಯುವವನು ತಣ್ಣಗೆ ಕೂತಿದ್ದಾನೆ. ಅರ್ಧ ಯುದ್ಧ ಅಲ್ಲೇ ಮುಗಿಯಿತು.

ಹಳೆಯ ಹೆಬ್ಬಾಗಿಲುಗಳಲ್ಲಿ ನನಗೆ ಬಲು ಇಷ್ಟವಾದದ್ದು ಅಗುಳಿಯ ತೂತು. ಬಾಗಿಲ ಎರಡೂ ಕಡೆಯ ಕಲ್ಲಿನಲ್ಲಿ ಚೌಕಾಕಾರದ ಗೂಡು ಕೊರೆದಿರುತ್ತಾರೆ. ಒಂದು ಕಡೆಯದು ಗೇಣುದ್ದವೂ ಇರುವುದಿಲ್ಲ. ಇನ್ನೊಂದಕ್ಕೆ ಕೈ ತೂರಿಸಿದರೆ ತೋಳು ಪೂರ್ತಿ ಒಳಗೆ ಹೋದರೂ ತುದಿ ಸಿಗುವುದಿಲ್ಲ. ಹಗಲು ಆ ಉದ್ದನೆಯ ಗೂಡಿನಲ್ಲಿ ಮರದ ದಿಮ್ಮಿ ಅಡಗಿರುತ್ತಿತ್ತು. ಸಂಜೆಗೆ ಇಬ್ಬರು ಸೇರಿ ಎಳೆದರೆ ಅದು ಸರ್ರನೆ ಬಾಗಿಲ ಬೆನ್ನಿಗೆ ಅಡ್ಡ ಬಂದು ಎದುರಿನ ಗೂಡಿನಲ್ಲಿ ಕೂರುತ್ತಿತ್ತು. ಮರ ಗೆದ್ದಲಿಗೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಗೂಡಿನ ಒಳಮೈ ಮುಟ್ಟಿ ನೋಡಿ, ಅಂಚು ಎಷ್ಟು ನುಣುಪಾಗಿದೆ! ದಿನವೂ ಎಳೆದು ನೂಕಿದ ದಿಮ್ಮಿ ಕಲ್ಲನ್ನೇ ಸವೆಸಿದೆ. ಶಾಸನಗಳಲ್ಲಿ ಅರಸರ ಬಿರುದುಗಳಿರುತ್ತವೆ. ಆ ಕಾವಲುಗಾರರ ಸುದ್ದಿ ಈ ನುಣುಪಿನಲ್ಲಿದೆ.

ಕವಲೇದುರ್ಗದ ಮೇಲೆ ಅರಮನೆಯ ಅಡಿಪಾಯವನ್ನು ಅಗೆದು ತೆರೆದಿದ್ದಾರೆ. ಜನ ಅಲ್ಲಿ ದರ್ಬಾರಿನ ಜಾಗದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ನೆಟ್ಟಗೆ ಅಡುಗೆಮನೆಗೆ ಹೋಗುತ್ತೇನೆ. ಐದು ಮುಖದ ಕಲ್ಲಿನ ಒಲೆ, ನೀರು ಬರುವ ಏರ್ಪಾಡು, ಬಚ್ಚಲಿನಿಂದ ನೀರು ಹೊರಗೆ ಹೋಗುವ ಕಾಲುವೆ, ಪಕ್ಕದಲ್ಲಿ ಮೆಟ್ಟಿಲ ಕೊಳ. ಮುತ್ತಿಗೆ ಎಂದರೆ ಮುಖ್ಯವಾಗಿ ಹೊಟ್ಟೆಯ ಪ್ರಶ್ನೆ. ಕೆಳಗೆ ವೈರಿ ತಿಂಗಳುಗಟ್ಟಲೆ ಕೂತರೂ ಮೇಲೆ ಅನ್ನ ಬೇಯಬೇಕು, ನೀರು ಕೆಡಬಾರದು. ಆ ಒಲೆಯನ್ನೂ ಕೊಳವನ್ನೂ ನಾನು ಬತೇರಿಗಳ ಸಾಲಿನಲ್ಲೇ ಬರೆದುಕೊಂಡಿದ್ದೇನೆ.

ಚಿತ್ರದುರ್ಗದವರು ಏಳು ಸುತ್ತಿನ ಕೋಟೆಯ ಬಗ್ಗೆ ಎದೆಯುಬ್ಬಿಸಿ ಮಾತಾಡುತ್ತಾರೆ, ಮಾತಾಡಲೇಬೇಕು. ಅಲ್ಲಿ ಬಂಡೆ ಕಾದಿತು. ಕವಲೇದುರ್ಗವನ್ನಾಳಿದ ಕೆಳದಿಯ ನಾಯಕರಿಗೆ ಕಾಡು, ಮಳೆ, ಜಿಗಣೆ ಎಲ್ಲವೂ ದಂಡಿನ ಲೆಕ್ಕಕ್ಕೆ ಬಂದವು. 1689ರಲ್ಲಿ ಮರಾಠಾ ದೊರೆ ಸಂಭಾಜಿಯ ಕೊಲೆಯಾದ ಮೇಲೆ ಅವನ ತಮ್ಮ ರಾಜಾರಾಮ ಜಿಂಜಿಗೆ ಹೋಗುವ ದಾರಿಯಲ್ಲಿ ಈ ನಾಡಿಗೆ ಬಂದ. ಕೆಳದಿಯ ರಾಣಿ ಚೆನ್ನಮ್ಮಾಜಿ ಆಸರೆ ಕೊಟ್ಟು, ಸುರಕ್ಷಿತವಾಗಿ ದಾಟಿಸಿದಳು. ಔರಂಗಜೇಬನ ಸೇನೆ ಅವಳ ಮೇಲೆ ಬಂತು. ಅಷ್ಟು ದೊಡ್ಡ ಸಾಮ್ರಾಜ್ಯದ ಮುಂದೆ ಒಂದು ಮಲೆನಾಡಿನ ಸಂಸ್ಥಾನ ತಲೆಯೆತ್ತಿ ನಿಂತದ್ದು ಹೇಗೆಂದು ಪುಸ್ತಕದಲ್ಲಿ ಓದಿದಾಗ ನನಗೆ ಅರ್ಥವಾಗಿರಲಿಲ್ಲ. ಜುಲೈ ತಿಂಗಳಲ್ಲಿ ಆ ಕಡೆಯ ಘಟ್ಟದ ಹಾದಿಯಲ್ಲಿ ಹತ್ತು ಹೆಜ್ಜೆ ಇಟ್ಟಾಗ ಅರ್ಥವಾಯಿತು.

ಆ ಕಾಡಿನ ಮಾತು ಬಂದಾಗ ನಮ್ಮೂರು ನೆನಪಾಗದೆ ಇರುವುದಿಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಉರಿದದ್ದು ಇದೇ ಮಲೆನಾಡಿನ ಮರದ ಇದ್ದಿಲು. ಊರಿಗೆ ಊರೇ ಆ ಕುಲುಮೆಯ ಅನ್ನ ಉಂಡಿದೆ, ನಾನೂ ಉಂಡಿದ್ದೇನೆ. ಆದರೂ ನಕ್ಷೆ ಬರೆಯಲು ಕೂತಾಗ, ನಾಯಕರ ಕಾಲದ ಹಸಿರು ಗೋಡೆಯನ್ನು ಎಲ್ಲಿಂದ ಎಲ್ಲಿಗೆ ಎಳೆಯಲಿ ಎಂದು ಪೆನ್ಸಿಲ್ಲು ತಡೆಯುತ್ತದೆ.

ಬಿದನೂರಿನ, ಅಂದರೆ ಈಗಿನ ನಗರದ ನಕ್ಷೆಯಂತೂ ಇನ್ನೂ ಮುಗಿದಿಲ್ಲ. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ, ಯಾರು ಬೇಕಾದರೂ ಹತ್ತಬಹುದು. ಒಳಗೆ ದರ್ಬಾರಿನ ಕಟ್ಟೆ ಇದೆ, ಅಕ್ಕ ತಂಗಿ ಕೊಳ ಇದೆ. ಆದರೆ ಕೆಳದಿಯವರ ಈ ರಾಜಧಾನಿಯ ನಿಜವಾದ ಕೋಟೆ ಆ ಗುಡ್ಡದ ಮೇಲಿರಲಿಲ್ಲ. ಸುತ್ತ ಹರದಾರಿಗಟ್ಟಲೆ ಹಬ್ಬಿದ ಬೆಟ್ಟ, ಬಿದಿರು ಮೆಳೆ, ಕಣಿವೆಕಣಿವೆಗೂ ಇದ್ದ ಕಾವಲೇ ಕೋಟೆ. 1763ರಲ್ಲಿ ಹೈದರ್ ಅದನ್ನು ಒಡೆಯಲಿಲ್ಲ, ನುಸುಳಿದ. ಕುಂಸಿಯಲ್ಲಿ ಸೆರೆಯಲ್ಲಿದ್ದ ಲಿಂಗಣ್ಣನೆಂಬ ಹಳೆಯ ಮಂತ್ರಿ ಅವನಿಗೆ ಗುಟ್ಟಿನ ದಾರಿ ಹೇಳಿಕೊಟ್ಟನೆಂದು ಚರಿತ್ರೆಕಾರ ವಿಲ್ಕ್ಸ್ ಬರೆದಿದ್ದಾನೆ. ಆಗಿನ ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ತಪ್ಪಿಸಿಕೊಂಡು, ಕೊನೆಗೆ ಸೆರೆಯಾಗಿ ಮಧುಗಿರಿ ಸೇರಿದಳು.

ಕುಂಸಿ ನಮಗೆ ದೂರವೇನಲ್ಲ, ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಪಡುವಣಕ್ಕೆ ರಿಪ್ಪನ್‌ಪೇಟೆ, ಹೊಸನಗರದ ಕಡೆ ಹೋಗುವ ಹಳೆಯ ಹಾದಿಗಳನ್ನು ಒಂದೊಂದಾಗಿ ಗುರುತು ಹಾಕುತ್ತಿದ್ದೇನೆ. ಎತ್ತಿನ ಗಾಡಿ ಹೋಗದ, ಆದರೆ ಕುದುರೆ ಹೋಗಬಲ್ಲ ಇಳಿಜಾರು ಎಲ್ಲೆಲ್ಲಿವೆ? ಹಳ್ಳ ದಾಟಲು ಬೇಸಿಗೆಯ ಹೊತ್ತಿಗೆ ಎಲ್ಲಿ ಅನುಕೂಲ? ಶರಾವತಿಯ ಹಿನ್ನೀರು ಕೆಲವು ಹಾದಿಗಳನ್ನು ನುಂಗಿದೆ, ಕೆಲವು ಅಡಕೆ ತೋಟದೊಳಗೆ ಸೇರಿಹೋಗಿವೆ. ಸದ್ಯಕ್ಕೆ ನನ್ನ ಹಾಳೆಯಲ್ಲಿ ಎರಡು ಗೆರೆಗಳು ಉಳಿದಿವೆ. ಮಾರ್ಚಿನಲ್ಲಿ ನೆಲ ಒಣಗಿದ ಮೇಲೆ ಬಡಗಣದ ಗೆರೆಯನ್ನು ಮೊದಲು ನಡೆಯಬೇಕು.